ಕ್ಷೋಭೆ, ಬಾಧೆ, ತಾಳಿಕೆ: ಅಳೆಯುವ ಯಂತ್ರಗಳ ಶಾಸ್ತ್ರಗದ್ಯ

ಶಾಸ್ತ್ರಸಾಹಿತ್ಯ ಎಂದೊಡನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ನೆನಪಾಗುವುದು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ರಾಜಾದಿತ್ಯನ ‘ವ್ಯವಹಾರಗಣಿತ’, ಶ್ರೀಧರಾಚಾರ್ಯನ ‘ಜಾತಕತಿಲಕ’. ಪರೀಕ್ಷೆಯಲ್ಲಿ ಈ ಹೆಸರುಗಳನ್ನು ಬರೆದು ಅಂಕ ಪಡೆದ ಮೇಲೆ ಶಾಸ್ತ್ರಸಾಹಿತ್ಯವೆಂಬುದು ಹನ್ನೆರಡನೆಯ ಶತಮಾನದಲ್ಲಿಯೇ ಮುಗಿದುಹೋಯಿತೆಂಬ ಭಾವನೆಯೊಂದು ಉಳಿದುಬಿಡುತ್ತದೆ. ನಮ್ಮ ಕಾಲಕ್ಕೂ ಒಂದು ಶಾಸ್ತ್ರಗದ್ಯವುಂಟು. ಅದನ್ನು ಬರೆದವರ ಹೆಸರು ಮುಖಪುಟದಲ್ಲಿರುವುದಿಲ್ಲ. ಹತ್ತಾರು ದೇಶಗಳ ಸಮಿತಿಗಳು ಕುಳಿತು ಒಂದೊಂದು ಪದವನ್ನೂ ತೂಗಿ ಬರೆದದ್ದು ಅದು. ಅಲಂಕಾರವಿಲ್ಲ, ಉಪಮೆಯಿಲ್ಲ, ಆದರೆ ಒಂದು ಕ್ರಿಯಾಪದ ತಪ್ಪಿದರೆ ಕಾರ್ಖಾನೆಯೊಂದರ ಸರಕು ಬಂದರಿನಲ್ಲಿಯೇ ನಿಂತೀತು. ಅದರ ಹೆಸರು ‘ಮಾನಕ’. ಅಂಥ ಮಾನಕಗಳಲ್ಲಿ ಒಂದನ್ನು, ಅಳತೆಯ ಮತ್ತು ಪ್ರಯೋಗಾಲಯದ ಉಪಕರಣಗಳ ವಿದ್ಯುತ್ಕಾಂತೀಯ ಹೊಂದಾಣಿಕೆಯನ್ನು ಕುರಿತದ್ದನ್ನು, ಈ ಪಾಠಕ್ಕೆ ಆರಿಸಿಕೊಂಡಿದ್ದೇನೆ. ಭೌತಶಾಸ್ತ್ರ ವಿಭಾಗದವರು ನಗಬಹುದು, ನಗಲಿ.

ಮಾನಕದ ಕಲ್ಪನೆ ನಮಗೆ ಹೊಸದಲ್ಲ. ಕನ್ನಡ ಶಾಸನಗಳು ಭೂದಾನವನ್ನು ದಾಖಲಿಸುವಾಗ ಇಂತಿಷ್ಟು ಮತ್ತರು ಎಂದು ಹೇಳಿ ಸುಮ್ಮನಾಗುವುದಿಲ್ಲ. ಯಾವ ಗಳೆಯಿಂದ, ಯಾವ ಕೋಲಿನಿಂದ ಅಳೆದದ್ದೆಂಬುದನ್ನು ಹಲವೆಡೆ ಜೊತೆಗೇ ಹೇಳುತ್ತವೆ. ಕೋಲು ಬದಲಾದರೆ ದಾನದ ಭೂಮಿಯೇ ಬದಲಾಗುತ್ತದೆಯೆಂಬುದು ಬರೆಸಿದವನಿಗೂ ಗೊತ್ತಿತ್ತು, ಕೆತ್ತಿದವನಿಗೂ ಗೊತ್ತಿತ್ತು. ಗೋಪಕಪಟ್ಟಣದಿಂದ ಆಳಿದ ಗೋವೆಯ ಕದಂಬರ ಶಾಸನಗಳನ್ನು ಓದುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಇಂದು ನೋಡಹೊರಟಿರುವ ಪ್ರಸಂಗವೂ ಗೋವೆಯದೇ, ಆದರೆ ಅಲ್ಲಿ ಅಳೆಯುವುದು ಭೂಮಿಯನ್ನಲ್ಲ, ಸಮುದ್ರವನ್ನು.

ಪಣಜಿಯ ಎದುರಿಗೆ, ಮಾಂಡವಿ ನದಿಯ ಉತ್ತರ ದಡದಲ್ಲಿ ವೆರೇಂ ಎಂಬ ಊರಿದೆ. ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಅಲ್ಲಿ ಸಮುದ್ರಮಟ್ಟವನ್ನು ಅಳೆಯುವ ಕೇಂದ್ರವೊಂದನ್ನು ನಡೆಸಿತು. ಈ ಸಂಸ್ಥೆ ಸ್ಥಾಪನೆಯಾದದ್ದು 1966ರಲ್ಲಿ. ಸಮುದ್ರಕ್ಕೆ ಬೇಕಾದ ಉಪಕರಣಗಳನ್ನು ತಾನೇ ರೂಪಿಸುವ ವಿಭಾಗವೊಂದು ಅದರಲ್ಲಿದೆ. ವೆರೇಂ ಕೇಂದ್ರದ ವಿಶೇಷವೆಂದರೆ ಅಳೆದ ಮಟ್ಟವನ್ನು ಅದು ಮೊಬೈಲ್ ಜಾಲದ ಮೂಲಕ ತಾನಾಗಿಯೇ ಕಳುಹಿಸುತ್ತಿದ್ದುದು. ಅಂತರಜಾಲದಲ್ಲಿ ಯಾರು ಬೇಕಾದರೂ ಆಗಿಂದಾಗ್ಗೆ ನೋಡಬಹುದಾಗಿತ್ತು. 2007ರ ಸೆಪ್ಟೆಂಬರ್ 12ರಂದು ಸುಮಾತ್ರಾದ ಬಳಿ 8.4 ಪ್ರಮಾಣದ ಭೂಕಂಪವಾಯಿತು. ಅದರಿಂದ ಎದ್ದ ಸುನಾಮಿಯ ಅಲೆಗಳು ಗೋವೆಯನ್ನೂ ಲಕ್ಷದ್ವೀಪದ ಕವರತ್ತಿಯನ್ನೂ ಮುಟ್ಟಿದಾಗ, ಎರಡೂ ಕಡೆಯ ಉಪಕರಣಗಳು ಅವನ್ನು ಗುರುತಿಸಿ ವರದಿ ಮಾಡಿದವು. ಸಂಸ್ಥೆಯ ವಿಜ್ಞಾನಿಗಳು ಮರುವರ್ಷ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ನಮ್ಮ ಕರಾವಳಿಗೆ ಬಂದ ಆ ಅಲೆ ದೊಡ್ಡದೇನಲ್ಲ, ದಡದಲ್ಲಿ ನಿಂತವನ ಕಣ್ಣಿಗೆ ಬೀಳುವಂಥದ್ದೂ ಅಲ್ಲ. 2004ರ ಡಿಸೆಂಬರ್ 26ನ್ನು ನೆನಪಿಟ್ಟುಕೊಂಡವರಿಗೆ ಇಂಥ ಸಣ್ಣ ಅಲೆಯ ಸುದ್ದಿಯೂ ಏಕೆ ಬೇಕೆಂಬುದು ತಿಳಿಯುತ್ತದೆ.

ಈ ಕೇಂದ್ರದ ರಚನೆಯನ್ನು ಒಂದು ಕ್ಷಣ ಯೋಚಿಸಿ. ಒಂದು ಕಡೆ ನೀರಿನ ಒತ್ತಡವನ್ನು ವಿದ್ಯುತ್ತಾಗಿ ಬದಲಿಸುವ ಸೂಕ್ಷ್ಮ ಸಂವೇದಕ. ಅದರ ಹತ್ತಿರದಲ್ಲಿಯೇ ರೇಡಿಯೋ ಅಲೆಗಳನ್ನು ಹೊರಸೂಸುವ ಮೊಬೈಲ್ ಮೋಡೆಮ್. ಕೇಳುವವನನ್ನೂ ಕೂಗುವವನನ್ನೂ ಒಂದೇ ಕೋಣೆಯಲ್ಲಿ ಕೂರಿಸಿದಂತೆ. ಹೊರಗೆ ಮೀನುಗಾರಿಕೆಯ ದೋಣಿಗಳು, ಅವುಗಳ ರೇಡಿಯೋಗಳು, ಮಳೆಗಾಲದ ಮೊದಲು ಸಿಡಿಲು, ವರ್ಷವಿಡೀ ಉಪ್ಪುಗಾಳಿ. ಇಂಥ ನೆರೆಹೊರೆಯಲ್ಲಿ ಅಳೆಯುವ ಯಂತ್ರ ತನ್ನ ಕೆಲಸವನ್ನು ತಾನು ಮಾಡಿಕೊಂಡು, ನೆರೆಯವರಿಗೂ ತೊಂದರೆ ಕೊಡದೆ ಇರುವ ಸಾಮರ್ಥ್ಯವೇ ವಿದ್ಯುತ್ಕಾಂತೀಯ ಹೊಂದಾಣಿಕೆ. ವೆರೇಂ ಯಂತ್ರಕ್ಕೆ ತೊಂದರೆಯಾಯಿತೆಂದು ನಾನು ಹೇಳುತ್ತಿಲ್ಲ. ಅದು ಕೆಲಸ ಮಾಡಿತೆಂಬುದಕ್ಕೆ ಆ ಲೇಖನವೇ ಸಾಕ್ಷಿ. ಆದರೆ ಅಂಥ ಯಂತ್ರವನ್ನು ರೂಪಿಸುವವರು ಯಾವ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆಯೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಮೊದಲು ಪದಗಳ ವಿಚಾರ. ಮಾನಕ ಎರಡು ಸಂಗತಿಗಳನ್ನು ಕಟ್ಟುನಿಟ್ಟಾಗಿ ಬೇರೆಬೇರೆಯಾಗಿಡುತ್ತದೆ. ಒಂದು, ತೊಂದರೆ ಮಾಡಬಲ್ಲ ವಿದ್ಯುತ್ಕಾಂತೀಯ ವಿದ್ಯಮಾನ. ಇಂಗ್ಲಿಷಿನಲ್ಲಿ ಅದಕ್ಕೆ ‘ಡಿಸ್ಟರ್ಬೆನ್ಸ್’ ಎನ್ನುತ್ತಾರೆ. ಇನ್ನೊಂದು, ಅದರಿಂದಾಗಿ ಉಪಕರಣದ ಕೆಲಸ ನಿಜವಾಗಿಯೂ ಕೆಡುವುದು, ಅದು ‘ಇಂಟರ್ಫಿಯರೆನ್ಸ್’. ಮೊದಲನೆಯದು ಕಾರಣ, ಎರಡನೆಯದು ಕಾರ್ಯ. ಸಿಡಿಲು ಮಿಂಚಿದ್ದು ಕಾರಣ. ತಕ್ಕಡಿಯ ಅಂಕಿ ಜಿಗಿದದ್ದು ಕಾರ್ಯ. ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ‘ಅಡಚಣೆ’ ಎಂದೇ ಬರೆಯುವ ರೂಢಿ ಕಾಣುತ್ತದೆ, ಹಾಗಾಗಿ ಕಾರಣವೆಲ್ಲಿ ಮುಗಿದು ಕಾರ್ಯವೆಲ್ಲಿ ಮೊದಲಾಯಿತೆಂಬುದು ತಿಳಿಯದಾಗುತ್ತದೆ. ಕಾರಣಕ್ಕೆ ‘ಕ್ಷೋಭೆ’ ಎಂದೂ ಕಾರ್ಯಕ್ಕೆ ‘ಬಾಧೆ’ ಎಂದೂ ಬಳಸಬಹುದೆಂದು ನನ್ನ ಸಲಹೆ. ಕ್ಷೋಭೆ ಪರಿಸರದಲ್ಲಿರುತ್ತದೆ, ಬಾಧೆ ಯಂತ್ರಕ್ಕೆ ತಗಲುತ್ತದೆ. ಕ್ಷೋಭೆಯಿದ್ದೂ ಬಾಧೆಯಾಗದಿದ್ದರೆ ಆ ಯಂತ್ರಕ್ಕೆ ತಾಳಿಕೆಯಿದೆಯೆಂದರ್ಥ. ‘ಇಮ್ಯುನಿಟಿ’ಗೆ ‘ರೋಗನಿರೋಧಕ ಶಕ್ತಿ’ ಎಂದು ಬರೆದು ಯಂತ್ರವನ್ನು ಆಸ್ಪತ್ರೆಗೆ ಕಳುಹಿಸುವುದಕ್ಕಿಂತ, ತಾಳು ಎಂಬ ಧಾತುವಿನಿಂದ ಬಂದ ‘ತಾಳಿಕೆ’ಯೇ ಮೇಲು. ಹೊರಸೂಸುವಿಕೆಗೆ ‘ಉತ್ಸರ್ಜನೆ’ ಈಗಾಗಲೇ ಬಳಕೆಯಲ್ಲಿದೆ.

ಈಗ ಬಾಧೆ ಹೇಗೆ ತಗಲುತ್ತದೆಯೆಂಬುದು. ಇದು ಪಾಠದ ತಿರುಳು, ಸ್ವಲ್ಪ ತಾಳ್ಮೆಯಿಂದ ಓದಬೇಕು. ಉದಾಹರಣೆಗೆ, ಹತ್ತು ಮೀಟರ್ ಆಳದವರೆಗೆ ಅಳೆಯುವ ಒತ್ತಡ ಸಂವೇದಕವೊಂದು ತನ್ನ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ಪ್ರವಾಹವಾಗಿ ಕಳುಹಿಸುತ್ತದೆಯೆಂದುಕೊಳ್ಳಿ. ಕೈಗಾರಿಕೆಗಳಲ್ಲಿ ಇದು ತೀರ ಸಾಮಾನ್ಯವಾದ ಕ್ರಮ. ಹದಿನಾರು ಮಿಲಿಆಂಪಿಯರ್ ಹತ್ತು ಮೀಟರಿಗೆ ಸಮವಾದರೆ ಒಂದು ಸೆಂಟಿಮೀಟರ್ ನೀರಿಗೆ ಕೇವಲ 16 ಮೈಕ್ರೋಆಂಪಿಯರ್. ಸಂವೇದಕದಿಂದ ಪೆಟ್ಟಿಗೆಗೆ ಬರುವ ತಂತಿ, ತಾನು ಬಯಸಲಿ ಬಯಸದಿರಲಿ, ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾ ಕೂಡ ಹೌದು. ಹಿಡಿದ ಅಲೆ ಒಳಗಿನ ವರ್ಧಕಕ್ಕೆ ಹೋಗುತ್ತದೆ. ವರ್ಧಕದೊಳಗಿನ ಅರೆವಾಹಕ ಸಂಧಿಗಳು ಆ ಅಲೆಯನ್ನು ಏಕಮುಖಗೊಳಿಸುತ್ತವೆ, ಹಳೆಯ ರೇಡಿಯೋದಲ್ಲಿ ಡಯೋಡು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಯಾರೂ ಹೇಳದೆ ಮಾಡುತ್ತವೆ. ಫಲವಾಗಿ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುವ ಅಲೆ ಅಳತೆಯೊಡನೆ ಬೆರೆತ ಒಂದು ನಿಧಾನವಾದ ಸುಳ್ಳು ವೋಲ್ಟೇಜ್ ಆಗಿಬಿಡುತ್ತದೆ.

ಎರಡನೆಯ ತಲೆಮಾರಿನ ಜಿಎಸ್‌ಎಂ ಫೋನುಗಳನ್ನು ರೇಡಿಯೋದ ಬಳಿ ಇಟ್ಟಾಗ, ಕರೆ ಬರುವುದಕ್ಕೂ ಮೊದಲೇ ‘ಟಿಟ್ ಟಿಟ್ ಟಿರ್ರ್’ ಎಂಬ ಸದ್ದು ಕೇಳುತ್ತಿದ್ದುದನ್ನು ನಿಮ್ಮ ಹಿರಿಯರು ಬಲ್ಲರು. ಆ ಫೋನು ನಿರಂತರವಾಗಿ ಪ್ರಸಾರ ಮಾಡುತ್ತಿರಲಿಲ್ಲ, 4.615 ಮಿಲಿಸೆಕೆಂಡಿಗೊಮ್ಮೆ, ಎಂಟು ಪಾಲುಗಳಲ್ಲಿ ತನ್ನದಾದ ಒಂದು ಪಾಲಿನಲ್ಲಿ ಮಾತ್ರ ಸಿಡಿಯುತ್ತಿತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 217 ಸಲ. ರೇಡಿಯೋ ಕೇಳಿಸುತ್ತಿದ್ದುದು ಆ 217ನ್ನೇ. ಕಿವಿಗೆ ಕೇಳುವ ಈ ಬಾಧೆ ವಾಸಿ, ಏಕೆಂದರೆ ಇದು ಬಾಧೆಯೆಂದು ನಮಗೆ ತಿಳಿಯುತ್ತದೆ. ಅಳೆಯುವ ಯಂತ್ರ ಸದ್ದು ಮಾಡುವುದಿಲ್ಲ. ಅಲೆಗಳ ಏರಿಳಿತವನ್ನು ಕಳೆಯಲೆಂದು ಅದು ಹಲವಾರು ಅಳತೆಗಳ ಸರಾಸರಿಯನ್ನು ತೆಗೆಯುತ್ತದೆ. ಎರಡೂ ಕಡೆಗೆ ಹೊಯ್ದಾಡುವ ಗದ್ದಲವಾದರೆ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಏಕಮುಖಗೊಂಡ ಈ ಸುಳ್ಳು ಮಾತ್ರ ಯಾವಾಗಲೂ ಒಂದೇ ಕಡೆಗೆ ಬಾಗುತ್ತದೆ. ಸರಾಸರಿ ಅದನ್ನು ಅಳಿಸುವುದರ ಬದಲು ನಯವಾದ, ಸ್ಥಿರವಾದ, ನಂಬಬಹುದಾದಂತೆ ಕಾಣುವ ಅಂಕಿಯನ್ನಾಗಿ ಮಾಡಿಬಿಡುತ್ತದೆ. ಗದ್ದಲವಿರುವ ಅಂಕಿಯನ್ನು ವಿಜ್ಞಾನಿ ಸಂಶಯದಿಂದ ನೋಡುತ್ತಾನೆ; ಸ್ಥಿರವಾದ ತಪ್ಪನ್ನು ದಾಖಲೆಗೆ ಸೇರಿಸುತ್ತಾನೆ. ಪ್ರಸಾರವಾಗುವ ಕ್ಷಣದಲ್ಲಿ ಅಳೆಯದೆ, ಮೊದಲು ಅಳೆದು ಆಮೇಲೆ ಕಳುಹಿಸುವುದು ಇದಕ್ಕೊಂದು ಸರಳ ಪರಿಹಾರ. ತಂತಿಗೆ ಕವಚ, ಪೆಟ್ಟಿಗೆಯ ಬಾಯಲ್ಲಿಯೇ ಶೋಧಕ, ಇವು ಉಳಿದವು.

ಹಲವು ವರ್ಷಗಳ ಹಿಂದೆ ಒಂದು ಪ್ರಯೋಗಾಲಯದಲ್ಲಿ ವಿದ್ಯುನ್ಮಾನ ತಕ್ಕಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿಟ್ಟಿದ್ದ ಫೋನಿಗೆ ಕರೆ ಬಂದಿತು. ನಾಲ್ಕನೆಯ ದಶಮಾಂಶದ ಅಂಕಿ ಕದಲಿ ಬೇರೊಂದು ಕಡೆ ನಿಂತಿತು. ಫೋನಿನ ಅದುರುವಿಕೆಯೋ, ಅದರ ಅಲೆಯೋ, ಮೇಲಿನ ಫ್ಯಾನಿನ ಗಾಳಿಯೋ, ಯಾರಿಗೂ ಹೇಳಲಾಗಲಿಲ್ಲ. ವಿದ್ಯಾರ್ಥಿನಿ ನಿಂತ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡಳು. ಆ ಅಂಕಿಯ ಪಕ್ಕದಲ್ಲಿ ‘ಆಗ ಫೋನು ಬಂದಿತ್ತು’ ಎಂಬ ಟಿಪ್ಪಣಿ ಇರಲಿಲ್ಲ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಅಂದು.

ಇನ್ನು ಮಾನಕಕ್ಕೆ ಬರೋಣ. 1906ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ, ಸಂಕ್ಷೇಪವಾಗಿ ಐಇಸಿ, ಅಳತೆ, ನಿಯಂತ್ರಣ ಮತ್ತು ಪ್ರಯೋಗಾಲಯದ ಬಳಕೆಗಾಗಿರುವ ವಿದ್ಯುತ್ ಉಪಕರಣಗಳಿಗೆಂದೇ 61326 ಸಂಖ್ಯೆಯ ಮಾನಕವನ್ನು 1997ರಲ್ಲಿ ಹೊರತಂದಿತು. 2005ರಿಂದ ಅದು ಹಲವು ಭಾಗಗಳಾಗಿ ಬೆಳೆಯಿತು. ಸಾಮಾನ್ಯ ನಿಯಮಗಳ ಮೊದಲ ಭಾಗ 2012ರಲ್ಲಿಯೂ 2020ರಲ್ಲಿಯೂ ಪರಿಷ್ಕಾರಗೊಂಡಿತು. ವಿಶೇಷ ಭಾಗಗಳಲ್ಲಿ ಆಸಿಲೋಸ್ಕೋಪಿನಂಥ ಅತಿಸೂಕ್ಷ್ಮ ಉಪಕರಣಗಳಿಗೊಂದು, ವೆರೇಂ ಮಾದರಿಯ ಸಂವೇದಕಗಳಿಗೊಂದು, ರಕ್ತ ಮೊದಲಾದವುಗಳನ್ನು ಪರೀಕ್ಷಿಸುವ ವೈದ್ಯಕೀಯ ಪ್ರಯೋಗಾಲಯದ ಯಂತ್ರಗಳಿಗೊಂದು, ಹೀಗಿವೆ. ಪರೀಕ್ಷೆ ನಡೆಸುವ ವಿಧಾನಗಳು 61326ರಲ್ಲಿಲ್ಲ; ಅದಕ್ಕೆ 61000 ಎಂಬ ಬೇರೊಂದು ಮಾಲೆಯಿದೆ. ಭಾರತೀಯ ಮಾನಕ ಬ್ಯೂರೋ ಆ ಮಾಲೆಯನ್ನು ಐಎಸ್ 14700 ಎಂಬ ಹೆಸರಿನಲ್ಲಿ ಸ್ವೀಕರಿಸಿದೆ. ಸೂತ್ರ ಒಂದೆಡೆ, ವೃತ್ತಿ ಇನ್ನೊಂದೆಡೆ. ವ್ಯಾಕರಣ ಓದಿದವರಿಗೆ ಈ ಏರ್ಪಾಡು ಪರಿಚಿತವೇ.

ಮಾನಕ ಮೊದಲು ಕೇಳುವ ಪ್ರಶ್ನೆ: ಯಂತ್ರ ಎಲ್ಲಿ ಬಾಳಬೇಕು? ಅದು ಮೂರು ಪರಿಸರಗಳನ್ನು ಹೇಳುತ್ತದೆ. ಮನೆ, ಅಂಗಡಿ, ಸಣ್ಣ ಕಚೇರಿಗಳಂಥ ಮೂಲಪರಿಸರ. ದೊಡ್ಡ ಮೋಟರು, ಭಾರಿ ವಿದ್ಯುತ್ತು ಓಡಾಡುವ ಕೈಗಾರಿಕಾ ಪರಿಸರ. ಮೊಬೈಲು ಮೊದಲಾದ ಪ್ರೇಷಕಗಳನ್ನು ಹೊರಗಿಟ್ಟು, ವಿದ್ಯುತ್ ಪೂರೈಕೆಯನ್ನು ಹದಗೊಳಿಸಿಕೊಂಡ ನಿಯಂತ್ರಿತ ಪರಿಸರ. 80 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ವರೆಗಿನ ರೇಡಿಯೋ ಅಲೆಗಳನ್ನು ಯಂತ್ರದ ಮೇಲೆ ಹಾಯಿಸಿ ಪರೀಕ್ಷಿಸುವಾಗ ಕ್ಷೇತ್ರಬಲ ಮೂಲಪರಿಸರಕ್ಕೆ ಮೀಟರಿಗೆ 3 ವೋಲ್ಟ್, ಕೈಗಾರಿಕೆಗೆ 10 ವೋಲ್ಟ್, ನಿಯಂತ್ರಿತ ಪರಿಸರಕ್ಕೆ ಕೇವಲ 1 ವೋಲ್ಟ್. ಗಮನಿಸಿ, ದುಬಾರಿಯಾದ, ಅತ್ಯಂತ ನಿಖರವಾದ ಉಪಕರಣಕ್ಕೆ ಅತಿ ಕಡಿಮೆ ತಾಳಿಕೆ ಸಾಕೆಂದು ಮಾನಕ ಒಪ್ಪಿಕೊಳ್ಳಬಹುದು. ಆದರೆ ಆ ಒಪ್ಪಿಗೆಗೆ ಪ್ರತಿಯಾಗಿ ಪರಿಸರವನ್ನು ಕಾಯುವ ಹೊಣೆ ಬಳಸುವವನ ಮೇಲೆ ಬೀಳುತ್ತದೆ. ಕೈಪಿಡಿಯ ಆ ಪುಟವನ್ನು ತೆರೆಯದ ಪ್ರಯೋಗಾಲಯ ತನಗೆ ಗೊತ್ತಿಲ್ಲದೆಯೇ ಒಪ್ಪಂದವನ್ನು ಮುರಿದಿರುತ್ತದೆ.

ಮೀಟರಿಗೆ 3 ವೋಲ್ಟ್ ಎಂದರೆ ಎಷ್ಟು? ಒಂದು ಸ್ಥೂಲವಾದ ಸೂತ್ರವಿದೆ. ಪ್ರೇಷಕದ ಶಕ್ತಿಯನ್ನು ವಾಟ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 7ರಿಂದ ಗುಣಿಸಿ, ಮೀಟರುಗಳಲ್ಲಿ ಹೇಳಿದ ದೂರದಿಂದ ಭಾಗಿಸಿರಿ. ಸರಳ ಆಂಟೆನಾ, ನಡುವೆ ಅಡ್ಡಿಯಿಲ್ಲ, ತೀರ ಹತ್ತಿರವೂ ಅಲ್ಲ ಎಂಬ ಊಹೆಯ ಮೇಲೆ ನಿಂತ ಲೆಕ್ಕವಿದು. ರಾಜಾದಿತ್ಯನ ಓದುಗರಿಗೆ ಕಷ್ಟವಾಗಲಾರದು. ಜಿಎಸ್‌ಎಂ ಫೋನಿನ ಗರಿಷ್ಠ ಶಕ್ತಿ 2 ವಾಟ್. ಒಂದು ಮೀಟರ್ ದೂರದಲ್ಲಿ ಸುಮಾರು 10 ವೋಲ್ಟ್, ಮೂರು ಮೀಟರ್ ದೂರದಲ್ಲಿ 3 ವೋಲ್ಟಿಗಿಂತ ತುಸು ಹೆಚ್ಚು. ಇಂದಿನ ನಾಲ್ಕನೆಯ ತಲೆಮಾರಿನ ಫೋನಿನದು ಸುಮಾರು 0.2 ವಾಟ್, ಒಂದು ಮೀಟರಿನಲ್ಲಿ 3 ವೋಲ್ಟ್, ಒಂದು ಅಡಿಯಷ್ಟು ಹತ್ತಿರಕ್ಕೆ ತಂದರೆ 10 ವೋಲ್ಟ್. ಅಂದರೆ ಮೂಲಪರಿಸರಕ್ಕೆಂದು ಪರೀಕ್ಷೆಗೊಳಗಾದ ತಕ್ಕಡಿಯ ಪಕ್ಕದಲ್ಲಿಯೇ ಮೇಜಿನ ಮೇಲೆ ಫೋನಿಟ್ಟರೆ, ತಯಾರಕ ಭರವಸೆ ಕೊಟ್ಟ ಮಿತಿಯನ್ನು ನಾವು ದಾಟಿರುವ ಸಾಧ್ಯತೆಯಿದೆ. ಜಾಲದ ಸಂಕೇತ ಚೆನ್ನಾಗಿದ್ದೆಡೆ ಫೋನು ತನ್ನ ಶಕ್ತಿಯನ್ನು ಬಹಳ ತಗ್ಗಿಸಿಕೊಳ್ಳುತ್ತದೆ, ನಿಜ. ಆದರೆ ದಪ್ಪ ಗೋಡೆಯ ನೆಲಮಾಳಿಗೆಯಲ್ಲಿ, ಸಂಕೇತ ಸಿಕ್ಕದ ಕಡೆಯಲ್ಲಿ, ಅದು ಪೂರ್ಣ ಶಕ್ತಿಯಿಂದ ಕೂಗುತ್ತದೆ. ಪ್ರಯೋಗಾಲಯಗಳಿರುವುದು ಎಷ್ಟೋ ಸಲ ಅಂಥ ಕಡೆಯಲ್ಲಿಯೇ. ಹಡಗು, ದೋಣಿಗಳ ಸ್ಥಿರ ವಿಎಚ್‌ಎಫ್ ರೇಡಿಯೋ 25 ವಾಟ್‌ವರೆಗೆ ಪ್ರಸಾರ ಮಾಡುತ್ತದೆ: ಹತ್ತು ಮೀಟರ್ ದೂರದಲ್ಲಿಯೂ 3.5 ವೋಲ್ಟ್. ಮಾಂಡವಿಯ ಧಕ್ಕೆಯ ಮೇಲೆ ನಿಲ್ಲಬೇಕಾದ ಯಂತ್ರಕ್ಕೆ ಮೂಲಪರಿಸರದ 3 ವೋಲ್ಟ್ ಸಾಲದು, ಕೈಗಾರಿಕಾ ದರ್ಜೆಯೇ ಬೇಕೆಂಬುದು ಇಷ್ಟರಿಂದಲೇ ಸಿದ್ಧವಾಗುತ್ತದೆ.

ಉತ್ಸರ್ಜನೆಯ ಕಡೆಗೆ ಹೊರಳಿದರೆ ಒಂದು ವಿಚಿತ್ರ ಕಾಣುತ್ತದೆ. ಅದರ ಮಿತಿಗಳನ್ನು ಹೇಳುವುದು ಸಿಸ್ಪರ್ ಎಂಬ ಸಮಿತಿಯ 11ನೆಯ ಪ್ರಕಟಣೆ. ರೇಡಿಯೋ ಪ್ರಸಾರ ಮನೆಮನೆಗೆ ಬಂದ ಕಾಲದಲ್ಲಿ, 1934ರ ಸುಮಾರಿನಲ್ಲಿ, ಕೇಳುಗರ ಕಿವಿಯನ್ನು ಕಾಯಲೆಂದು ಹುಟ್ಟಿದ ಸಮಿತಿಯದು. ವಾಸದ ನೆರೆಹೊರೆಯಲ್ಲದ ಕಡೆ ಬಳಸುವ ‘ಎ’ ವರ್ಗದ ಉಪಕರಣ, ಹತ್ತು ಮೀಟರ್ ದೂರದಲ್ಲಿ, 30ರಿಂದ 230 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ, ಮೀಟರಿಗೆ 100 ಮೈಕ್ರೋವೋಲ್ಟಿಗಿಂತ ಹೆಚ್ಚು ಹೊರಸೂಸಬಾರದು; ಮನೆಗಳ ನಡುವಿನ ‘ಬಿ’ ವರ್ಗಕ್ಕೆ ಅದರ ಮೂರನೆಯ ಒಂದು ಪಾಲಿನಷ್ಟೇ ಅನುಮತಿ. ಈಗ 3 ವೋಲ್ಟನ್ನೂ 100 ಮೈಕ್ರೋವೋಲ್ಟನ್ನೂ ಪಕ್ಕಪಕ್ಕದಲ್ಲಿಡಿ. ಮೂವತ್ತು ಸಾವಿರ ಪಟ್ಟು ಅಂತರ! ತಾನು ಸೂಸಬಹುದಾದದ್ದಕ್ಕಿಂತ ಮೂವತ್ತು ಸಾವಿರ ಪಟ್ಟು ಹೆಚ್ಚನ್ನು ತಾನು ತಾಳಬೇಕು. ಇದು ಅನ್ಯಾಯದಂತೆ ತೋರಿದರೂ ಇದರಲ್ಲೊಂದು ನ್ಯಾಯವಿದೆ. ಉತ್ಸರ್ಜನೆಯ ಮಿತಿ ಕಾಯುವುದು ನೂರಾರು ಕಿಲೋಮೀಟರ್ ಆಚೆಯಿಂದ ಬರುವ ಕ್ಷೀಣಧ್ವನಿಯನ್ನು ಆಲಿಸುವ ರೇಡಿಯೋವನ್ನು; ವಾಸ್ಕೋದ ಮನೆಯಲ್ಲಿ ಕುಳಿತು ಧಾರವಾಡ ಆಕಾಶವಾಣಿಯನ್ನು ಹಿಡಿಯಲು ಪ್ರಯತ್ನಿಸಿದವರಿಗೆ ಪಕ್ಕದ ಮಿಕ್ಸಿ ಏನು ಮಾಡುತ್ತದೆಂದು ಗೊತ್ತು. ತಾಳಿಕೆಯ ಮಿತಿ ಕಾಯುವುದಾದರೋ ಕೈಯಳತೆಯಲ್ಲಿರುವ ಪ್ರೇಷಕದಿಂದ. ಎರಡು ಸಂಖ್ಯೆಗಳು ಎರಡು ಬೇರೆ ಸಂಬಂಧಗಳನ್ನು ಕುರಿತವು.

ಉಳಿದ ಪರೀಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆರಳಿನಿಂದ ಸಿಡಿಯುವ ಸ್ಥಾಯೀವಿದ್ಯುತ್ತಿಗೆ ಮುಟ್ಟಿಸಿ 4, ಗಾಳಿಯ ಮೂಲಕ 8 ಕಿಲೋವೋಲ್ಟ್. ಸ್ವಿಚ್ಚುಗಳ ಕಿಡಿಯಿಂದ ಹುಟ್ಟುವ ತ್ವರಿತ ಸ್ಪಂದಗಳು. ಸಿಡಿಲು ದೂರದಲ್ಲಿ ಬಿದ್ದಾಗ ತಂತಿಯಲ್ಲಿ ಬರುವ ಉಬ್ಬರ. ವಿದ್ಯುತ್ತು ಕುಸಿಯುವುದು, ಕಡಿದುಹೋಗುವುದು. ಇವೆಲ್ಲಕ್ಕೂ ಫಲಿತಾಂಶವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕ್ಷೋಭೆಯ ನಡುವೆಯೂ ಕೆಲಸ ಸರಿಯಾಗಿ ನಡೆದರೆ ‘ಎ’. ತಾತ್ಕಾಲಿಕವಾಗಿ ಕೆಟ್ಟು ತಾನಾಗಿಯೇ ಸರಿಹೋದರೆ ‘ಬಿ’. ಯಾರಾದರೂ ಬಂದು ಸರಿಪಡಿಸಬೇಕಾದರೆ ‘ಸಿ’. ರೇಡಿಯೋ ಕ್ಷೇತ್ರಕ್ಕೆ ‘ಎ’ ಬೇಕು. ಸ್ಥಾಯೀವಿದ್ಯುತ್ತಿನ ಸಿಡಿತಕ್ಕೂ ಉಬ್ಬರಕ್ಕೂ ‘ಬಿ’ ಸಾಕು. ದೀರ್ಘ ಕಡಿತಕ್ಕೆ ‘ಸಿ’ಯೂ ಸಾಕು.

ನನ್ನ ತಕರಾರು ಇರುವುದು ‘ಬಿ’ಯ ಬಗ್ಗೆ. ಅಲ್ಪಕಾಲ ಕೆಟ್ಟು ಸರಿಹೋದ ದೂರದರ್ಶನದಿಂದ ಯಾರಿಗೂ ನಷ್ಟವಿಲ್ಲ. ಅಳೆಯುವ ಯಂತ್ರ ಹಾಗಲ್ಲ. ಕೆಟ್ಟಿದ್ದ ಆ ಒಂದು ಕ್ಷಣದಲ್ಲಿಯೇ ಅದು ಒಂದು ಅಂಕಿಯನ್ನು ಬರೆದಿಟ್ಟಿರಬಹುದು, ದೂರದ ಕಚೇರಿಗೆ ಕಳುಹಿಸಿಯೂ ಇರಬಹುದು. ಯಂತ್ರ ಸರಿಹೋಯಿತು, ಅಂಕಿ ಸರಿಹೋಗಲಿಲ್ಲ. ಸಮುದ್ರಮಟ್ಟದಲ್ಲಿ ಒಮ್ಮೆಲೇ ಕಂಡ ಜಿಗಿತ ಸುನಾಮಿಯೋ ಸಿಡಿಲೋ ಎಂದು ರಾತ್ರಿ ಎರಡು ಗಂಟೆಗೆ ನಿರ್ಧರಿಸಬೇಕಾದವನಿಗೆ, ಅದು ‘ಬಿ’ ದರ್ಜೆಯಲ್ಲಿ ತೇರ್ಗಡೆಯಾದ ಯಂತ್ರವೆಂಬುದು ಸಮಾಧಾನವಾಗದು. ಮಾನಕ ಇದನ್ನು ಮರೆತಿದೆಯೆಂದಲ್ಲ. ಪರೀಕ್ಷೆಗೆ ಮೊದಲು ತಯಾರಕ ಒಂದು ಯೋಜನೆಯನ್ನು ಬರೆಯಬೇಕು. ಯಾವ ಕಾರ್ಯವನ್ನು ನೋಡಲಾಗುವುದು, ಎಷ್ಟು ವ್ಯತ್ಯಾಸವನ್ನು ಒಪ್ಪಲಾಗುವುದು ಎಂಬುದನ್ನು ಅದರಲ್ಲಿ ಹೇಳಬೇಕು. ಆದರೆ ಆ ಮಿತಿಯನ್ನು ಗೊತ್ತುಮಾಡುವವನು ಬಹುಮಟ್ಟಿಗೆ ಅವನೇ. ಪ್ರಮಾಣಪತ್ರದ ಮೊದಲ ಪುಟದಲ್ಲಿ ‘61326ಕ್ಕೆ ಅನುಗುಣ’ ಎಂದಿದ್ದರೆ ತೃಪ್ತರಾಗದೆ, ಯಾವ ಪರಿಸರಕ್ಕೆ, ಎಷ್ಟು ವ್ಯತ್ಯಾಸದೊಳಗೆ ಎಂದು ಒಳಪುಟಗಳಲ್ಲಿ ಹುಡುಕಬೇಕು. ಪಠ್ಯವನ್ನು ಮುಖಪುಟದಿಂದ ಅಳೆಯಬಾರದೆಂದು ನಾವು ತರಗತಿಯಲ್ಲಿ ಹೇಳುವುದು ಇಲ್ಲಿಗೂ ಅನ್ವಯಿಸುತ್ತದೆ.

ಗೋವೆಯ ಹವೆಯನ್ನು ಸೇರಿಸಿ ನೋಡಿದರೆ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಸ್ಥಾಯೀವಿದ್ಯುತ್ತಿನ ಪರೀಕ್ಷೆಯನ್ನು ಶೇಕಡಾ 30ರಿಂದ 60ರ ತೇವಾಂಶದಲ್ಲಿ ನಡೆಸಬೇಕೆಂದು ಮಾನಕ ಹೇಳುತ್ತದೆ. ಕೊಂಕಣದ ಮಳೆಗಾಲದ ಗಾಳಿ ಅದಕ್ಕಿಂತ ಬಹಳ ತೇವ, ಬೆರಳಿನ ಕಿಡಿಯ ಭಯ ಅಲ್ಲಿ ಕಡಿಮೆ. ಆದರೆ ಅದೇ ತೇವ ಉಪ್ಪಿನೊಡನೆ ಸೇರಿ ಬೇರೊಂದು ಹಾನಿ ಮಾಡುತ್ತದೆ. ಲೋಹದ ಪೆಟ್ಟಿಗೆಯ ಮುಚ್ಚಳ ಅಂಚಿನುದ್ದಕ್ಕೂ ಲೋಹಕ್ಕೆ ಲೋಹ ಮುಟ್ಟಿದ್ದರೆ ಮಾತ್ರ ಅದು ರೇಡಿಯೋ ಅಲೆಗೆ ಕವಚ. ಅಂಚಿನಲ್ಲಿ ಕಿಲುಬು ಹಿಡಿದು ಹದಿನೈದು ಸೆಂಟಿಮೀಟರ್ ಉದ್ದಕ್ಕೆ ಸಂಪರ್ಕ ತಪ್ಪಿತೆನ್ನಿ. ಕೂದಲೆಳೆಯಷ್ಟು ಸಪೂರವಾಗಿದ್ದರೂ ಆ ಸೀಳು 1 ಗಿಗಾಹರ್ಟ್ಸ್ ಅಲೆಗೆ ತೆರೆದ ಬಾಗಿಲು, ಏಕೆಂದರೆ ಆ ಅಲೆಯ ಅರ್ಧ ಉದ್ದ ಸರಿಯಾಗಿ ಅಷ್ಟೇ. ಹೊಸದಾಗಿದ್ದಾಗ ಪರೀಕ್ಷೆಯಲ್ಲಿ ತೇರ್ಗಡೆಯಾದ ಪೆಟ್ಟಿಗೆ ಮೂರು ಮಳೆಗಾಲ ಕಳೆದ ಮೇಲೆ ಅದೇ ಪೆಟ್ಟಿಗೆಯಲ್ಲ. ನೆಲದ ಮಾತೂ ಹಾಗೆಯೇ. ಕರಾವಳಿಯ ಜಂಬಿಟ್ಟಿಗೆಯ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗಿನ ರೋಧ ಏರುತ್ತದೆ. ಸಿಡಿಲಿನ ಕಾಲ ಬರುವುದು ಆ ಬೇಸಗೆಯ ಕೊನೆಗೇ. ಉಬ್ಬರ ಪರೀಕ್ಷೆಯ ಒಂದೆರಡು ಕಿಲೋವೋಲ್ಟ್ ನೇರ ಸಿಡಿಲಿಗೆ ಉತ್ತರವಲ್ಲ. ಅದಕ್ಕೆ ಕಟ್ಟಡಕ್ಕೇ ರಕ್ಷಣೆ ಬೇಕು. ಮಾನಕ ಒಂದು ದಿನದ ಪರೀಕ್ಷೆ, ಸಮುದ್ರತೀರ ವರ್ಷವಿಡೀ ನಡೆಯುವ ಪರೀಕ್ಷೆ.

ಇಷ್ಟೆಲ್ಲ ಕಡ್ಡಾಯವೇ? ಐರೋಪ್ಯ ಒಕ್ಕೂಟದಲ್ಲಿ 1989ರ ನಿರ್ದೇಶನದಿಂದ ಮೊದಲುಗೊಂಡು ಈಗಿನ 2014/30 ಸಂಖ್ಯೆಯ ನಿರ್ದೇಶನದವರೆಗೆ ವಿದ್ಯುತ್ಕಾಂತೀಯ ಹೊಂದಾಣಿಕೆ ಮಾರುಕಟ್ಟೆಗೆ ಬರುವ ಉಪಕರಣಗಳಿಗೆ ಕಾನೂನಿನ ಅಗತ್ಯ. ನಮ್ಮಲ್ಲಿ ಪರೀಕ್ಷೆಯ ಸೌಲಭ್ಯಗಳು ಬಹಳ ಕಾಲದಿಂದ ಇವೆ. ಮುಂಬಯಿ, ಚೆನ್ನೈಗಳಲ್ಲಿರುವ ‘ಸಮೀರ್’ ಸಂಸ್ಥೆಯ ಪ್ರಯೋಗಾಲಯಗಳು ಪ್ರಸಿದ್ಧ. ಪ್ರಯೋಗಾಲಯಗಳ ಅರ್ಹತೆಯನ್ನು ಹೇಳುವ ಐಎಸ್‌ಒ/ಐಇಸಿ 17025 ಮಾನಕ, ಫಲಿತಾಂಶವನ್ನು ಕೆಡಿಸಬಲ್ಲ ಪರಿಸರದ ಸಂಗತಿಗಳಲ್ಲಿ ಧೂಳು, ತೇವ, ಉಷ್ಣತೆಗಳ ಸಾಲಿನಲ್ಲಿಯೇ ವಿದ್ಯುತ್ಕಾಂತೀಯ ಕ್ಷೋಭೆಯನ್ನೂ ಹೆಸರಿಸುತ್ತದೆ. ಉಷ್ಣಮಾಪಕ ಗೋಡೆಯ ಮೇಲಿರುತ್ತದೆ, ತೇವಮಾಪಕವೂ ಇರುತ್ತದೆ. ಕ್ಷೋಭೆಯನ್ನು ಅಳೆದಿಡುವ ಪ್ರಯೋಗಾಲಯ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊನೆಗೆ ನಮ್ಮ ವಿಭಾಗದ ಸ್ವಂತ ಸಮಸ್ಯೆ. ಐಇಸಿಯ ಬರವಣಿಗೆಯಲ್ಲಿ ನಾಲ್ಕು ಸಹಾಯಕ ಕ್ರಿಯಾಪದಗಳಿಗೆ ನಾಲ್ಕು ನಿಶ್ಚಿತ ಅರ್ಥಗಳಿವೆ. ‘ಶಲ್’ ಎಂದರೆ ಕಡ್ಡಾಯ, ‘ಶುಡ್’ ಎಂದರೆ ಶಿಫಾರಸು, ‘ಮೇ’ ಎಂದರೆ ಅನುಮತಿ, ‘ಕ್ಯಾನ್’ ಎಂದರೆ ಸಾಧ್ಯತೆ ಅಥವಾ ಸಾಮರ್ಥ್ಯ. ಕನ್ನಡದಲ್ಲಿ ಮೊದಲನೆಯದಕ್ಕೆ ತೊಂದರೆಯಿಲ್ಲ; ನಮ್ಮ ಅಧಿನಿಯಮಗಳ ಭಾಷೆ ‘ಮಾಡತಕ್ಕದ್ದು’ ಎಂಬ ರೂಪವನ್ನು ಎಂದೋ ನೆಲೆಗೊಳಿಸಿದೆ. ಅದನ್ನು ಸರ್ಕಾರಿ ಕನ್ನಡವೆಂದು ಹಾಸ್ಯ ಮಾಡುತ್ತೇವೆ, ಆದರೆ ಕಡ್ಡಾಯವನ್ನು ಸಂದೇಹವಿಲ್ಲದೆ ಹೇಳುವಲ್ಲಿ ಅದಕ್ಕೆ ಸಾಟಿಯಿಲ್ಲ. ಎರಡನೆಯದಕ್ಕೆ ‘ಮಾಡುವುದು ಒಳ್ಳೆಯದು’ ಎನ್ನಬಹುದು. ‘ಬೇಕು’ ಎಂದರೆ ಕಡ್ಡಾಯದ ಕಡೆಗೇ ವಾಲುತ್ತದೆ. ಮೂರನೆಯದೂ ನಾಲ್ಕನೆಯದೂ ‘ಬಹುದು’ ಎಂಬ ಒಂದೇ ರೂಪದಲ್ಲಿ ಬೆರೆತುಹೋಗುತ್ತವೆ. ‘ಅವನು ಬರಬಹುದು’ ಎಂಬುದರಲ್ಲಿ ಅನುಮತಿಯೂ ಇದೆ, ಸಂಭವವೂ ಇದೆ. ಮಾತಿನಲ್ಲಿ ಸಂದರ್ಭ ಅರ್ಥವನ್ನು ಬಿಡಿಸುತ್ತದೆ. ಮಾನಕದ ಗದ್ಯದಲ್ಲಿ ಸಂದರ್ಭಕ್ಕೆ ಬಿಡುವಂತಿಲ್ಲ. ಅನುಮತಿಗೆ ‘ಅವಕಾಶವಿದೆ’, ಸಾಧ್ಯತೆಗೆ ‘ಸಾಧ್ಯವಿದೆ’, ಸಂಭವಕ್ಕೆ ‘ಸಂಭವವಿದೆ’ ಎಂದು ಬಿಡಿಸಿ ಬರೆದರೆ ವಾಕ್ಯ ಉದ್ದವಾಗುತ್ತದೆ, ಸೊಗಸೂ ಕಡಿಮೆಯಾಗುತ್ತದೆ. ಆಗಲಿ. ‘ಬಹುದು’ ಎಂಬುದನ್ನು ಓದಿ ಒಬ್ಬ ತಂತ್ರಜ್ಞ ಕವಚವಿಲ್ಲದ ತಂತಿ ಹಾಕಿದರೆ ಆ ತಪ್ಪಿನಲ್ಲಿ ಅನುವಾದಕನ ಪಾಲೂ ಇರುತ್ತದೆ.

ಅಭ್ಯಾಸಕ್ಕೆ ಒಂದು ವಾಕ್ಯ, ನಾನೇ ರಚಿಸಿದ್ದು: ‘ಪರೀಕ್ಷೆಯ ಸಮಯದಲ್ಲಿ ಸಂವೇದಕದ ತಂತಿಯ ಉದ್ದ ಬದಲಾಗಬಹುದು, ಆಗ ಅಳತೆಯಲ್ಲಿ ವ್ಯತ್ಯಾಸವನ್ನು ಒಪ್ಪಬಹುದು.’ ಇದರಲ್ಲಿ ಎಷ್ಟು ಅರ್ಥಗಳು ಅಡಗಿವೆಯೆಂದು ಗುರುತಿಸಿ, ಒಂದೊಂದಕ್ಕೂ ಸಂದಿಗ್ಧವಿಲ್ಲದ ಬೇರೊಂದು ವಾಕ್ಯವನ್ನು ಬರೆಯಿರಿ. ಮೇಲಿನ ಸೂತ್ರದಿಂದ, 5 ವಾಟ್‌ನ ಕೈರೇಡಿಯೋ ಹಿಡಿದ ಮೀನುಗಾರ ಕೈಗಾರಿಕಾ ದರ್ಜೆಯ ಯಂತ್ರದಿಂದ ಎಷ್ಟು ದೂರ ನಿಲ್ಲತಕ್ಕದ್ದೆಂಬುದನ್ನೂ ಲೆಕ್ಕ ಹಾಕಿ. ಉತ್ತರಗಳನ್ನು ವಿಭಾಗದ ಕೊಠಡಿಯ ಪೆಟ್ಟಿಗೆಯಲ್ಲಿ ಹಾಕಿದರೆ ಮುಂದಿನ ಸಂಚಿಕೆಯಲ್ಲಿ ಚರ್ಚಿಸೋಣ.